ಒಂದು ಅಂಕದ ಬೆಲೆ

ಎಂಬತ್ತನಾಲ್ಕಕ್ಕೂ ಎಂಬತ್ತೈದಕ್ಕೂ ಇರುವ ವ್ಯತ್ಯಾಸವೆಷ್ಟು? ಅಂಕಪಟ್ಟಿಯನ್ನೇ ಜಾತಕವೆಂದು ನಂಬಿದ ತಂದೆತಾಯಿಯರನ್ನು ಬಿಟ್ಟರೆ ಈ ಪ್ರಶ್ನೆ ಬಹಳ ಮಂದಿಯನ್ನು ಕಾಡಲಿಕ್ಕಿಲ್ಲ. ಆದರೆ ಅಮೆರಿಕದ ಅಬ್ಸಿಡಿಯನ್ ಎಂಬ ವಿಡಿಯೊ ಗೇಮ್ ತಯಾರಿಕಾ ಸಂಸ್ಥೆಗೆ ಆ ಒಂದು ಅಂಕ ಬಲು ದುಬಾರಿಯಾಯಿತು. ಅದು ರೂಪಿಸಿದ 'ಫಾಲ್‌ಔಟ್: ನ್ಯೂ ವೆಗಾಸ್' 2010ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂತು. ವಿಮರ್ಶಕರ ಅಂಕಗಳ ಸರಾಸರಿ 85 ಮುಟ್ಟಿದರೆ ತಯಾರಕರಿಗೆ ಹೆಚ್ಚುವರಿ ಹಣ ಸಿಗಬೇಕೆಂದು ಕರಾರಾಗಿತ್ತು. ಸರಾಸರಿ 84ಕ್ಕೇ ನಿಂತಿತು, ಹಣ ಸಿಗಲಿಲ್ಲ. ಸಂಸ್ಥೆಯ ಸಹ ಸಂಸ್ಥಾಪಕ ಕ್ರಿಸ್ ಅವೆಲೋನ್ 2012ರಲ್ಲಿ ಇದನ್ನು ಬಹಿರಂಗಪಡಿಸಿದಾಗ ವಿಮರ್ಶಕರೇ ಬೆಚ್ಚಿಬಿದ್ದರು. ಗ್ರಾಹಕರಿಗೆಂದು ಅವರು ಕೊಟ್ಟ ಅಂಕ ಇನ್ನೊಬ್ಬರ ಗಳಿಕೆಯನ್ನು ನಿರ್ಧರಿಸಿಬಿಟ್ಟಿತ್ತು.

ಈ ಸರಾಸರಿಯನ್ನು ಲೆಕ್ಕ ಹಾಕುವುದು 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ಅಂತರ್ಜಾಲ ತಾಣ. ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟರೆ ಅದು 80 ಎಂದು ದಾಖಲಾಗುತ್ತದೆ. ಕೆಲವು ಪತ್ರಿಕೆಗಳ ಮಾತಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟೆಂಬುದನ್ನು ಮಾತ್ರ ಆ ತಾಣ ಗುಟ್ಟಾಗಿಯೇ ಇಟ್ಟಿದೆ!

ಅಂಕ ಕೊಡುವ ಪದ್ಧತಿ ಅದಕ್ಕಿಂತ ಹಳೆಯದು. 1986ರಲ್ಲಿ ಹುಟ್ಟಿದ ಜಪಾನಿನ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ಒಟ್ಟು 40 ಅಂಕಗಳಿಗೆ ಆಟವನ್ನು ಅಳೆಯುತ್ತಾರೆ. ಅಲ್ಲಿ ಮೊದಲ ಬಾರಿಗೆ ಪೂರ್ಣ 40 ಗಳಿಸಿದ್ದು 1998ರ 'ಜೆಲ್ಡಾ' ಆಟ.

ಸಿನಿಮಾ ವಿಮರ್ಶಕನಿಗೆ ಮೂರು ಗಂಟೆ ಸಾಕು. ಗೇಮ್ ವಿಮರ್ಶಕನ ಪಾಡು ಬೇರೆ. ಕೆಲವು ಆಟಗಳು ಮುಗಿಯಲು ನೂರು ಗಂಟೆಯೂ ಬೇಕಾದೀತು. ಹೀಗಾಗಿ ಕಂಪನಿಗಳು ಬಿಡುಗಡೆಗೆ ಮೊದಲೇ ಪ್ರತಿಯೊಂದನ್ನು ಕಳಿಸುತ್ತವೆ; ಇಂಥ ದಿನ, ಇಂಥ ಗಂಟೆಯವರೆಗೆ ಏನೂ ಬರೆಯಕೂಡದೆಂಬ ಷರತ್ತೂ ಜತೆಗಿರುತ್ತದೆ. ತೊಡಕು ಶುರುವಾಗುವುದೇ ಇಲ್ಲಿ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ 'ಸೈಬರ್‌ಪಂಕ್ 2077' ಇದಕ್ಕೆ ತಕ್ಕ ನಿದರ್ಶನ. 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ಈ ಆಟದ ಕಂಪ್ಯೂಟರ್ ಆವೃತ್ತಿಯನ್ನಷ್ಟೇ ವಿಮರ್ಶಕರಿಗೆ ಮುಂಗಡವಾಗಿ ಕೊಡಲಾಗಿತ್ತು. ತಾವು ಆಡುವಾಗ ಸೆರೆಹಿಡಿದ ದೃಶ್ಯಗಳನ್ನು ಮೊದಲ ವಿಮರ್ಶೆಗಳಲ್ಲಿ ತೋರಿಸುವ ಹಾಗೂ ಇರಲಿಲ್ಲ. ಅಂಕ 90ರ ಆಸುಪಾಸಿಗೆ ಏರಿತು. ಅದನ್ನು ನಂಬಿ ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಯಂತ್ರಗಳಿಗೆ ಕೊಂಡವರ ಟಿ.ವಿ. ಪರದೆಯಲ್ಲಿ ಕಂಡದ್ದು ಮಸುಕು ಮುಖಗಳು, ತಡವರಿಸುವ ಚಿತ್ರ, ನಡುವೆಯೇ ನಿಂತುಹೋಗುವ ಆಟ. ಕಂಪನಿ ಕ್ಷಮೆ ಕೇಳಿ ಹಣ ಹಿಂತಿರುಗಿಸಲು ಒಪ್ಪಿತು. ಸೋನಿ ಸುಮಾರು ಒಂದೇ ವಾರದಲ್ಲಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದುಹಾಕಿತು; ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ವಿಮರ್ಶಕರು ಸುಳ್ಳು ಹೇಳಿರಲಿಲ್ಲ. ಆದರೆ ಅವರು ಆಡಿದ ಆಟವೇ ಬೇರೆ, ಇವರು ಕೊಂಡ ಆಟವೇ ಬೇರೆ ಎಂಬಂತಾಗಿತ್ತು.

ಇನ್ನು ಕೆಲವೊಮ್ಮೆ ತಕರಾರು ಆಟದ ಜಾತಿಯದೇ. ಸೋತು ಸೋತು ಕಲಿಯಬೇಕಾದ ಕಠಿಣ ಆಟಗಳಿಗೆ ಹೆಸರಾದವರು ಜಪಾನಿನ ಹಿದೆತಾಕಾ ಮಿಯಾಜಾಕಿ. ಅವರ 'ಎಲ್ಡನ್ ರಿಂಗ್' ಆಟದ ವಿಸ್ತರಣೆ 2024ರ ಜೂನ್‌ನಲ್ಲಿ ಬಂದಾಗ ವಿಮರ್ಶಕರು ಹಾಡಿ ಹೊಗಳಿದರೆ, ಸ್ಟೀಮ್ ಮಳಿಗೆಯಲ್ಲಿ ಕೊಂಡು ಆಡಿದವರ ಅಭಿಪ್ರಾಯ ಮೊದಲ ದಿನಗಳಲ್ಲಿ ಇಬ್ಭಾಗವಾಗಿತ್ತು. ಆಟ ಅತಿ ಕಷ್ಟ ಎಂಬುದು ಹಲವರ ದೂರು. ಒಬ್ಬರಿಗೆ ಗುಣವಾದದ್ದು ಇನ್ನೊಬ್ಬರಿಗೆ ದೋಷ. ಎರಡನ್ನೂ ಒಂದೇ ಅಂಕೆಯಲ್ಲಿ ಹಿಡಿಯುವುದೆಂತು? ಪ್ರತಿವರ್ಷ ಆಟಗಾರರ ಹೆಸರಷ್ಟೇ ಬದಲಾದಂತೆ ಕಾಣುವ ಫುಟ್‌ಬಾಲ್ ಗೇಮ್‌ಗಳಿಗೆ ಅಂಕ ಕೊಡುವುದಂತೂ ಇನ್ನೊಂದು ತಲೆನೋವು.

ಬ್ರಿಟನ್ನಿನ 'ಯೂರೋಗೇಮರ್' ತಾಣ ಇದಕ್ಕೆಲ್ಲ ಬೇಸತ್ತು 2015ರಲ್ಲಿ ಅಂಕ ಕೊಡುವುದನ್ನೇ ಬಿಟ್ಟಿತು. ಬಿಡುಗಡೆಯಾದ ಮೇಲೂ ಆಟಗಳು ತಿದ್ದುಪಡಿಯಾಗುತ್ತಲೇ ಇರುವಾಗ ಮೊದಲ ದಿನದ ಅಂಕಕ್ಕೆ ಅರ್ಥವಿಲ್ಲ ಎಂಬುದು ಅದರ ಒಂದು ವಾದವಾಗಿತ್ತು. ಅಂಕವಿಲ್ಲದ ಮೇಲೆ ಮೆಟಾಕ್ರಿಟಿಕ್ ಪಟ್ಟಿಯಿಂದಲೂ ಅದರ ಹೆಸರು ಹೊರಗುಳಿಯಿತು. 2023ರಲ್ಲಿ ಯೂರೋಗೇಮರ್ ಐದು ನಕ್ಷತ್ರಗಳ ಪದ್ಧತಿಯೊಂದಿಗೆ ಮತ್ತೆ ಅಂಕದ ದಾರಿಗೇ ಮರಳಿತು.