ಸಂಧಿವಾತ ಮತ್ತು ಮೊಬೈಲ್ ದಿನಚರಿ

ದೀರ್ಘಕಾಲ ಕಾಡುವ ಕಾಯಿಲೆಗಳಲ್ಲಿ ಸಂಧಿವಾತವೂ ಒಂದು. ಇದರಲ್ಲಿ ಎರಡು ಬಗೆಗಳನ್ನು ನಾವು ಹೆಚ್ಚಾಗಿ ಕಾಣುತ್ತೇವೆ. ವಯಸ್ಸಾದಂತೆ ಮೊಣಕಾಲು ಮುಂತಾದ ಕೀಲುಗಳು ಸವೆದು ಬರುವ ನೋವು ಮೊದಲನೆಯದು. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯನ್ನು ಬಾಧಿಸುವ ರುಮಟಾಯ್ಡ್ ಸಂಧಿವಾತವು ಎರಡನೆಯದು. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಸಕಾಲದಲ್ಲಿ ತಕ್ಕ ಚಿಕಿತ್ಸೆ ದೊರೆಯದಿದ್ದರೆ ಕೀಲುಗಳು ಶಾಶ್ವತವಾಗಿ ಕೆಟ್ಟು, ಬೆರಳುಗಳು ಸೊಟ್ಟಗಾಗುವ ಅಪಾಯವಿದೆ.

ಈ ಕಾಯಿಲೆಯು ಎಲ್ಲ ದಿನವೂ ಒಂದೇ ರೀತಿ ಇರುವುದಿಲ್ಲ. ಒಂದು ವಾರ ಹಾಯಾಗಿರುತ್ತದೆ. ಮರುವಾರ ಲೋಟ ಎತ್ತುವುದೂ ಕಷ್ಟವಾಗುತ್ತದೆ. ಆದರೆ ನಾವು ವೈದ್ಯರನ್ನು ಕಾಣುವುದು ಎರಡು ಮೂರು ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷ. ‘ಹೇಗಿದ್ದೀರಿ?’ ಎಂದು ಅವರು ಕೇಳಿದಾಗ ಹಿಂದಿನ ಎರಡು ಮೂರು ದಿನಗಳಷ್ಟೇ ನಮ್ಮ ನೆನಪಿಗೆ ಬರುತ್ತವೆ. ‘ಪರವಾಗಿಲ್ಲ’ ಎಂದುಬಿಡುತ್ತೇವೆ. ಔಷಧದ ಪ್ರಮಾಣವನ್ನು ನಿರ್ಧರಿಸುವಾಗ ವೈದ್ಯರು ಆ ಒಂದು ಮಾತನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಹೇಳಲು ಮರೆತ ನೋವಿಗೆ ಚಿಕಿತ್ಸೆಯೂ ದೊರೆಯುವುದಿಲ್ಲ. ಈ ಕೊರತೆಯನ್ನು ತುಂಬಲು ಸ್ಮಾರ್ಟ್‌ಫೋನಿನ ಆ್ಯಪ್‌ಗಳು ನೆರವಾಗುತ್ತವೆ.

ದಿನವೂ ಏನನ್ನು ದಾಖಲಿಸಬೇಕು? ಮೊದಲನೆಯದಾಗಿ, ನೋವಿನ ಅಂಕ. ನೋವೇ ಇಲ್ಲದಿದ್ದರೆ 0, ಸಹಿಸಲಾಗದಷ್ಟಿದ್ದರೆ 10. ಎರಡನೆಯದಾಗಿ, ಬೆಳಗಿನ ಬಿಗಿತ. ಎದ್ದ ಮೇಲೆ ಕೀಲುಗಳು ಸಡಿಲಗೊಳ್ಳಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಗಮನಿಸಬೇಕು. ಸವೆತದ ನೋವಿನಲ್ಲಿ ಈ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕಳೆಯುತ್ತದೆ. ರುಮಟಾಯ್ಡ್ ಸಂಧಿವಾತ ಉಲ್ಬಣಿಸಿದಾಗ ಒಂದು ಗಂಟೆಗೂ ಮೀರಿ ಉಳಿಯಬಹುದು. ಮೂರನೆಯದಾಗಿ, ಊದಿಕೊಂಡ ಕೀಲುಗಳು ಯಾವುವು ಎಂಬುದು. ಬಾವು ಕಂಡ ದಿನವೇ ಒಂದು ಛಾಯಾಚಿತ್ರ ತೆಗೆದಿಡುವುದು ಉತ್ತಮ. ವೈದ್ಯರ ಬಳಿ ಹೋಗುವ ಹೊತ್ತಿಗೆ ಅದು ಇಳಿದಿರಬಹುದು. ನಾಲ್ಕನೆಯದಾಗಿ, ನಿದ್ರೆ, ದಣಿವು ಮತ್ತು ಗುಂಡಿ ಹಾಕುವುದು, ಮೆಟ್ಟಿಲು ಹತ್ತುವುದು ಮುಂತಾದ ನಿತ್ಯದ ಕೆಲಸಗಳು. ಇವೆಲ್ಲಕ್ಕೂ ಎರಡು ಮೂರು ನಿಮಿಷ ಸಾಕು.

ಹೀಗೆ ಕೂಡಿದ ಚಿಕ್ಕ ಚಿಕ್ಕ ದಾಖಲೆಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಅಧ್ಯಯನ ಸಾಕ್ಷಿ. ಮೋಡ ಕವಿದರೆ ಕೀಲು ನೋಯುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ಅಲ್ಲಿಯ ಜನರ ನಂಬಿಕೆಯೂ ಅದೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ಪರೀಕ್ಷಿಸಲು ಹೊರಟರು. ದೀರ್ಘಕಾಲದ ನೋವುಳ್ಳವರು ತಮ್ಮ ನೋವನ್ನು ಫೋನಿನಲ್ಲಿ ದಿನವೂ ದಾಖಲಿಸಿದರು. ಅವರಿದ್ದ ಸ್ಥಳದ ಹವಾಮಾನದೊಡನೆ ಅದನ್ನು ಹೋಲಿಸಲಾಯಿತು. 2,658 ಜನರ ದಾಖಲೆಗಳ ವಿಶ್ಲೇಷಣೆ 2019ರಲ್ಲಿ ಪ್ರಕಟವಾಯಿತು. ಗಾಳಿಯ ತೇವಾಂಶ ಮತ್ತು ವೇಗ ಹೆಚ್ಚಿದಾಗ, ವಾಯುಭಾರ ಇಳಿದಾಗ ನೋವು ತುಸು ಹೆಚ್ಚುತ್ತದೆಂದು ತಿಳಿದುಬಂತು. ಪರಿಣಾಮ ಅಲ್ಪವೇ ಆದರೂ ಹಳೆಯ ಅನುಭವಕ್ಕೆ ಆಧಾರ ದೊರೆಯಿತು.

ಆ್ಯಪ್‌ನ ಮತ್ತೊಂದು ಮುಖ್ಯ ಉಪಯೋಗ ಔಷಧದ ನೆನಪು. ರುಮಟಾಯ್ಡ್ ಸಂಧಿವಾತಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ತಿಳಿಯದೆ ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ವೈದ್ಯರು ಹೇಳಿದ ವಾರವನ್ನು ಆ್ಯಪ್‌ನಲ್ಲಿ ಗೊತ್ತುಪಡಿಸಿ, ಮಾತ್ರೆ ಸೇವಿಸಿದೊಡನೆ ಗುರುತು ಹಾಕಬೇಕು. ವೈದ್ಯರು ಸೂಚಿಸಿದ ರಕ್ತಪರೀಕ್ಷೆಯ ದಿನಾಂಕಗಳನ್ನೂ ಅಲ್ಲಿಯೇ ನಮೂದಿಸಬೇಕು.

ಇಷ್ಟಾದರೂ ಆ್ಯಪ್ ವೈದ್ಯನಲ್ಲ. ಅಂಕ ಇಳಿಯಿತೆಂದು ಔಷಧ ನಿಲ್ಲಿಸುವುದಾಗಲಿ, ಏರಿತೆಂದು ನೋವಿನ ಮಾತ್ರೆಗಳನ್ನು ಹೆಚ್ಚಿಸುವುದಾಗಲಿ ಸಲ್ಲದು. ನೋವುನಿವಾರಕಗಳ ಅತಿಬಳಕೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ. ಒಂದು ಕೀಲು ಹಠಾತ್ತನೆ ಕೆಂಪಾಗಿ ಊದಿಕೊಂಡು ಜ್ವರ ಬಂದರೆ, ಅಥವಾ ಮೆಥೊಟ್ರೆಕ್ಸೇಟ್ ಸೇವಿಸುವವರಿಗೆ ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಕಂಡರೆ, ದಾಖಲಿಸುತ್ತ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು.

ಆ್ಯಪ್ ಆರಿಸುವಾಗಲೂ ಎಚ್ಚರ ಬೇಕು. ‘ಸಂಧಿವಾತ ಸಂಪೂರ್ಣ ಗುಣ’ ಎಂದು ಔಷಧ ಮಾರುವಂಥವನ್ನೂ, ಅಗತ್ಯವಿಲ್ಲದ ಖಾಸಗಿ ವಿವರಗಳನ್ನು ಕೇಳುವಂಥವನ್ನೂ ದೂರವಿಡಬೇಕು. ಬೆರಳುಗಳ ನೋವಿನಿಂದ ಬರೆಯಲು ಆಗದವರು ಕನ್ನಡದಲ್ಲಿ ಮಾತನಾಡಿಯೇ ಟಿಪ್ಪಣಿ ಮಾಡಿಕೊಳ್ಳುವ ಸೌಲಭ್ಯ ಅನೇಕ ಫೋನುಗಳಲ್ಲಿದೆ. ಹಿರಿಯರಿಗೆ ಮಕ್ಕಳು, ಮೊಮ್ಮಕ್ಕಳು ನೆರವಾಗಲಿ. ಫೋನ್ ಇಲ್ಲದವರು ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ಅಂಕವನ್ನು ಬರೆದರೂ ಸಾಕು. ಮುಂದಿನ ಭೇಟಿಗೆ ಆ ದಾಖಲೆಯನ್ನು ಮರೆಯದೆ ಕೊಂಡೊಯ್ಯೋಣ. ವೈದ್ಯರಿಗೆ ಅದು ಮೂರು ತಿಂಗಳ ಸ್ಥಿತಿಯನ್ನು ಒಂದೇ ನೋಟದಲ್ಲಿ ತಿಳಿಸುತ್ತದೆ.