ರಿಂಗ್ ಕಾಯ್ದ ಮುಟೊಂಬೊ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು, ಹಣ, ಜಾಹೀರಾತು ಎಲ್ಲವೂ ಮೊದಲು ಹೋಗುವುದು ಅಂಕ ಗಳಿಸುವವರ ಮನೆಗೆ. ಡಿಕೆಂಬೆ ಮುಟೊಂಬೊ ಅವರದು ಬೇರೆಯೇ ಲೆಕ್ಕ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 18 ಋತು, 1,196 ಪಂದ್ಯ ಆಡಿದ ಅವರ ಸರಾಸರಿ ಪಂದ್ಯಕ್ಕೆ ಬರೀ 9.8 ಅಂಕ. ಇಷ್ಟನ್ನೇ ನೋಡಿದವರು ಇವರನ್ನು ಸಾಧಾರಣ ಆಟಗಾರ ಎಂದುಕೊಂಡಾರು. ಆದರೆ ಎದುರಾಳಿಗಳ 3,289 ಹೊಡೆತಗಳನ್ನು ಅವರು ಗಾಳಿಯಲ್ಲೇ ತಡೆದಿದ್ದಾರೆ. ಇಂಥ ತಡೆಗಳನ್ನು, ಅಂದರೆ ಬ್ಲಾಕ್‌ಗಳನ್ನು, ಎನ್‌ಬಿಎ ಲೆಕ್ಕವಿಡಲು ಶುರುಮಾಡಿದ್ದು 1973–74ರ ಋತುವಿನಿಂದ. ಅಲ್ಲಿಂದೀಚೆಗೆ ಇವರಿಗಿಂತ ಮುಂದಿರುವವರು ಒಬ್ಬರೇ: ನೈಜೀರಿಯಾದಲ್ಲಿ ಹುಟ್ಟಿದ ಹಕೀಮ್ ಒಲಾಜುವಾನ್.

ಮುಟೊಂಬೊ ಹುಟ್ಟಿದ್ದು 1966ರ ಜೂನ್ 25ರಂದು, ಕಾಂಗೊ ದೇಶದ ರಾಜಧಾನಿ ಕಿನ್ಶಾಸಾದಲ್ಲಿ. ತಂದೆ ಸ್ಯಾಮ್ಯುಯೆಲ್ ಶಾಲಾ ಆಡಳಿತದಲ್ಲಿದ್ದವರು. ಹುಡುಗನಿಗೆ ಪ್ರೀತಿಯಿದ್ದದ್ದು ಫುಟ್‌ಬಾಲ್ ಮೇಲೆ, ನಿಲ್ಲುತ್ತಿದ್ದದ್ದು ಗೋಲ್‌ಕೀಪರ್ ಆಗಿ. ಬ್ಯಾಸ್ಕೆಟ್‌ಬಾಲ್ ಕೈಗೆ ಬಂದದ್ದು ತಡವಾಗಿ, ಅದೂ ಮನೆಯವರ ಒತ್ತಾಯಕ್ಕೆ.

ಡಾಕ್ಟರ್ ಆಗಬೇಕೆಂಬುದು ಅವರ ಆಸೆ. ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1987ರಲ್ಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿದ್ದೂ ಅದಕ್ಕೇ. ಆ ಎತ್ತರದ ಹುಡುಗ ಕೋಚ್ ಜಾನ್ ಥಾಂಪ್ಸನ್ ಕಣ್ಣಿಗೆ ಬಿದ್ದ ಮೇಲೆ ಬದುಕಿನ ದಿಕ್ಕು ಬದಲಾಯಿತು. 1989ರಲ್ಲಿ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಪಂದ್ಯದಲ್ಲಿ 12 ಬ್ಲಾಕ್ ಮಾಡಿದರು. ಆದರೂ ಓದು ಬಿಡಲಿಲ್ಲ. ಭಾಷಾವಿಜ್ಞಾನ, ರಾಜತಾಂತ್ರಿಕ ವಿಷಯಗಳಲ್ಲಿ ಪದವಿ ಮುಗಿಸಿದರು. ರಜೆಯಲ್ಲಿ ಅಮೆರಿಕ ಸಂಸತ್ತಿನಲ್ಲಿ, ವಿಶ್ವಬ್ಯಾಂಕ್‌ನಲ್ಲಿ ಇಂಟರ್ನ್ ಆಗಿದ್ದರು. ಆಫ್ರಿಕಾದ ಐದು ಭಾಷೆಗಳೂ ಸೇರಿ ಒಟ್ಟು ಒಂಬತ್ತು ಭಾಷೆ ಅವರಿಗೆ ಬರುತ್ತಿತ್ತು.

1991ರಲ್ಲಿ ಡೆನ್ವರ್ ನಗೆಟ್ಸ್ ತಂಡ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ನಾಲ್ಕನೇ ಆಯ್ಕೆಯಾಗಿ ಅವರನ್ನು ಸೇರಿಸಿಕೊಂಡಿತು. ಮೊದಲ ಋತುವಿನಲ್ಲೇ ಆಲ್‌ಸ್ಟಾರ್ ಪಂದ್ಯಕ್ಕೆ ಕರೆ ಬಂತು.

ಬ್ಲಾಕ್ ಎಂದರೆ ಎತ್ತರ ಇದ್ದವರೆಲ್ಲ ಮಾಡುವ ಕೆಲಸ ಎಂದುಕೊಳ್ಳುವುದು ಸುಲಭ. ರಿಂಗ್ ಇರುವುದು ನೆಲದಿಂದ 10 ಅಡಿ ಮೇಲೆ; 7 ಅಡಿ 2 ಅಂಗುಲದ ಮುಟೊಂಬೊಗೆ ಅದೇನೂ ದೂರವಲ್ಲ ನಿಜ. ಕಷ್ಟವಿರುವುದು ಸಮಯದಲ್ಲಿ. ರಿಂಗ್‌ನತ್ತ ಚೆಂಡು ಏರುತ್ತಿರುವಾಗಲೇ ತಟ್ಟಬೇಕು. ಇಳಿಯಲು ಶುರುವಾದ ಮೇಲೆ ಅಥವಾ ಬೋರ್ಡ್‌ಗೆ ತಾಗಿದ ಮೇಲೆ ಮುಟ್ಟಿದರೆ ಅದು ಗೋಲ್‌ಟೆಂಡಿಂಗ್, ಎದುರಾಳಿಗೆ ಪುಕ್ಕಟೆ ಅಂಕ. ಚೆಂಡಿನ ಬದಲು ಕೈಗೆ ಪೆಟ್ಟು ಬಿದ್ದರೆ ಫೌಲ್. ಆರು ಫೌಲ್ ಆದರೆ ಆಟದಿಂದಲೇ ಹೊರಗೆ. ಮೊದಲೇ ಹಾರಿದರೆ ಎದುರಾಳಿ ಚೆಂಡು ಹಿಡಿದೇ ಕಾದು, ಪಕ್ಕದಿಂದ ನುಸುಳುತ್ತಾನೆ. ಕೈಗಿಂತ ಮೊದಲು ಕಾಲು ಸರಿಯಾದ ಜಾಗದಲ್ಲಿರಬೇಕು. ಇನ್ನೊಂದು ಲಾಭ ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ: ಇಂಥವರೊಬ್ಬರು ರಿಂಗ್ ಕೆಳಗೆ ನಿಂತಿದ್ದರೆ ಒಳಗೆ ನುಗ್ಗಿದವನೂ ಚೆಂಡನ್ನು ಹೊರಗೆ ಪಾಸ್ ಮಾಡಿ ಹಿಂದೆ ಸರಿಯುತ್ತಾನೆ.

ಪ್ರತಿ ಬ್ಲಾಕ್ ಆದ ಮೇಲೂ ಮುಟೊಂಬೊ ತೋರುಬೆರಳನ್ನು ಅತ್ತಿತ್ತ ಆಡಿಸುತ್ತಿದ್ದರು. ‘ಇಲ್ಲಿ ಇದೆಲ್ಲ ನಡೆಯಲ್ಲ’ ಎಂಬುದು ಯಾವ ಭಾಷೆಯವರಿಗೂ ತಿಳಿಯುವ ಸನ್ನೆ. ಪ್ರೇಕ್ಷಕರು ಕುಣಿದರು, ಎದುರಾಳಿಗಳು ಕೆರಳಿದರು. ಇದನ್ನು ಅಣಕವೆಂದು ಪರಿಗಣಿಸಿ ರೆಫರಿಗಳು ಟೆಕ್ನಿಕಲ್ ಫೌಲ್ ಕೊಡಲು ಶುರುಮಾಡಿದಾಗ ಅವರು ದಾರಿ ಹುಡುಕಿದರು: ಎದುರಾಳಿಗೆ ತೋರಿಸಿದರೆ ತಾನೇ ತಪ್ಪು? ಬೆರಳನ್ನು ಪ್ರೇಕ್ಷಕರ ಕಡೆಗೆ ತಿರುಗಿಸಿದರು.

1994ರ ಪ್ಲೇಆಫ್‌ನಲ್ಲಿ ಎಂಟನೇ ಶ್ರೇಯಾಂಕದ ಡೆನ್ವರ್‌ಗೆ ಎದುರಾದದ್ದು ಆ ಋತುವಿನಲ್ಲಿ 63 ಪಂದ್ಯ ಗೆದ್ದಿದ್ದ ಸಿಯಾಟಲ್ ಸೂಪರ್‌ಸಾನಿಕ್ಸ್. ಐದು ಪಂದ್ಯಗಳ ಸರಣಿಯಲ್ಲಿ ಮೊದಲೆರಡನ್ನು ಸೋತ ಡೆನ್ವರ್, ಉಳಿದ ಮೂರನ್ನೂ ಗೆದ್ದಿತು. ಕೊನೆಯ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 98–94ರಲ್ಲಿ ಮುಗಿಯಿತು. ಗುರಿ ತಪ್ಪಿ ಮರಳಿದ ಕೊನೆಯ ಚೆಂಡನ್ನು (ರೀಬೌಂಡ್) ಹಿಡಿದ ಮುಟೊಂಬೊ ಅಂಗಣದಲ್ಲೇ ಅಂಗಾತ ಮಲಗಿ ಚೆಂಡನ್ನು ಎತ್ತಿ ಹಿಡಿದರು. ಆ ಸರಣಿಯಲ್ಲಿ ಅವರ ಬ್ಲಾಕ್‌ಗಳು 31. ಎಂಟನೇ ಶ್ರೇಯಾಂಕದ ತಂಡ ಅಗ್ರ ತಂಡವನ್ನು ಮಣಿಸಿದ್ದು ಎನ್‌ಬಿಎ ಚರಿತ್ರೆಯಲ್ಲಿ ಅದೇ ಮೊದಲು.

ಆಮೇಲೆ ಅಟ್ಲಾಂಟಾ ಹಾಕ್ಸ್, ಫಿಲಡೆಲ್ಫಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಕೊನೆಗೆ ಹ್ಯೂಸ್ಟನ್ ರಾಕೆಟ್ಸ್. ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ 1995, 1997, 1998, 2001ರಲ್ಲಿ ಅವರ ಪಾಲಾಯಿತು. ಚಾಂಪಿಯನ್ ಪಟ್ಟ ಮಾತ್ರ ಒಲಿಯಲಿಲ್ಲ. 2001ರಲ್ಲಿ ಫಿಲಡೆಲ್ಫಿಯಾದ ಅಲೆನ್ ಐವರ್ಸನ್ ಜೊತೆ ಫೈನಲ್ ತಲುಪಿದರೂ ಶಕೀಲ್ ಓನೀಲ್ ಇದ್ದ ಲಾಸ್ ಏಂಜಲೀಸ್ ಲೇಕರ್ಸ್ 4–1ರಿಂದ ಗೆದ್ದಿತು. ಅದೇ ವರ್ಷ ಹೊಸ ನಿಯಮವೂ ಬಂತು: ಯಾರನ್ನೂ ಕಾಯದೆ ರಿಂಗ್ ಕೆಳಗಿನ ಜಾಗದಲ್ಲಿ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ಮುಟೊಂಬೊ ಆಟಕ್ಕೆ ಹೇಳಿ ಮಾಡಿಸಿದ ಜಾಗವೇ ಅದು. ಆದರೂ 40ರ ವಯಸ್ಸಿನಲ್ಲಿ, 2007ರ ಮಾರ್ಚ್‌ನಲ್ಲಿ, ಹ್ಯೂಸ್ಟನ್ ಪರ ಒಂದೇ ಪಂದ್ಯದಲ್ಲಿ 22 ರೀಬೌಂಡ್ ಹಿಡಿದರು. 2009ರ ಪ್ಲೇಆಫ್‌ನಲ್ಲಿ ಮಂಡಿಗೆ ಬಿದ್ದ ಪೆಟ್ಟು ಅವರ ಆಟವನ್ನು ಮುಗಿಸಿತು. 2015ರಲ್ಲಿ ಹಾಲ್ ಆಫ್ ಫೇಮ್ ಗೌರವ ಸಂದಿತು.

ದುಡಿದ ಹಣ ಎಲ್ಲಿಗೆ ಹೋಯಿತು ಎಂಬುದನ್ನು ನೋಡಲು ಕಿನ್ಶಾಸಾಕ್ಕೆ ಹೋಗಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬಂದಿದ್ದ ತಮ್ಮ ದೇಶದ ಮಹಿಳಾ ತಂಡದ ಸಮವಸ್ತ್ರ, ಖರ್ಚುವೆಚ್ಚ ನೋಡಿಕೊಂಡವರು ಅವರೇ. ಮರುವರ್ಷ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು. ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ದಿನಗಳಲ್ಲಿ ತಾಯಿ ಬಿಯಾಂಬಾ ಮರಿ ಕಾಯಿಲೆ ಬಿದ್ದರು. ಗಲಭೆಯ ನಡುವೆ ಆಸ್ಪತ್ರೆ ತಲುಪಲಾಗದೆ ತೀರಿಕೊಂಡರು. ಆ ತಾಯಿಯ ಹೆಸರಿನಲ್ಲಿ 300 ಹಾಸಿಗೆಗಳ ಆಸ್ಪತ್ರೆ ಎದ್ದಿತು. ತಗುಲಿದ ವೆಚ್ಚ 2.9 ಕೋಟಿ ಡಾಲರ್, ಅದರಲ್ಲಿ 1.5 ಕೋಟಿ ಮುಟೊಂಬೊ ಸ್ವಂತ ಜೇಬಿನದು. 2007ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಸಂಸತ್ತಿನ ವಾರ್ಷಿಕ ಭಾಷಣದಲ್ಲಿ ಅವರ ಹೆಸರೆತ್ತಿ ಹೊಗಳಿದರು. ಡಾಕ್ಟರ್ ಆಗಲು ಹೊರಟಿದ್ದ ಹುಡುಗ ಸ್ಟೆತಸ್ಕೋಪ್ ಹಿಡಿಯಲಿಲ್ಲ, ಆಸ್ಪತ್ರೆಯನ್ನೇ ಕಟ್ಟಿದ.

ನಿವೃತ್ತಿಯ ನಂತರ ಅವರು ಎನ್‌ಬಿಎಯ ಮೊದಲ ಜಾಗತಿಕ ರಾಯಭಾರಿಯಾಗಿ ದೇಶದೇಶ ಸುತ್ತಿದರು. 2022ರಲ್ಲಿ ಮಿದುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. 2024ರ ಸೆಪ್ಟೆಂಬರ್ 30ರಂದು, 58ನೇ ವಯಸ್ಸಿನಲ್ಲಿ, ಮುಟೊಂಬೊ ತೀರಿಕೊಂಡರು. ಅವರು ಧರಿಸುತ್ತಿದ್ದ 55ನೇ ಸಂಖ್ಯೆಯ ಜೆರ್ಸಿಯನ್ನು ಡೆನ್ವರ್ ಮತ್ತು ಅಟ್ಲಾಂಟಾ ತಂಡಗಳು ಇನ್ನಾರಿಗೂ ಕೊಡುವುದಿಲ್ಲ.