ಅರವತ್ತು ಎಲೆಗಳ ಲೆಕ್ಕಾಚಾರ

ಎಲೆಯಾಟ ಎಂದೊಡನೆ ಮನೆಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಇಸ್ಪೀಟು ಮನೆ ಮುರಿದ ಕಥೆಗಳನ್ನು ಕೇಳಿಯೇ ಬೆಳೆದವರು ಅವರು. ಮಗನೋ ಮಗಳೋ ಶಾಲೆಯ ಚೀಲದಿಂದ ಬಣ್ಣಬಣ್ಣದ ಪೋಕೆಮಾನ್ ಕಾರ್ಡುಗಳ ಕಟ್ಟೊಂದನ್ನು ತೆಗೆದು ನೆಲದ ಮೇಲೆ ಹರಡಿಕೊಂಡರೆ 'ಇದ್ಯಾವ ಹೊಸ ಜೂಜು?' ಎಂಬ ಪ್ರಶ್ನೆ ಬಾರದಿರದು.

ಪ್ರಶ್ನೆ ಪೂರ್ತಿ ತಪ್ಪೂ ಅಲ್ಲ. ಒಳಗೇನಿದೆ ಎಂದು ಕಾಣದ ಪೊಟ್ಟಣಕ್ಕೆ ಹಣ ಕೊಟ್ಟು, ಅಪರೂಪದ ಕಾರ್ಡು ಸಿಕ್ಕೀತೆಂದು ಕಾಯುವುದರಲ್ಲಿ ಜೂಜಿನ ಛಾಯೆ ಇದ್ದೇ ಇದೆ. 1999ರಲ್ಲಿ ಈ ಕಾರ್ಡುಗಳ ಹುಚ್ಚು ಅಮೆರಿಕದಲ್ಲಿ ಏರಿದಾಗ ಅಲ್ಲಿನ ಅನೇಕ ಶಾಲೆಗಳು ಇವನ್ನು ಶಾಲೆಗೆ ತರಕೂಡದೆಂದು ಕಟ್ಟಪ್ಪಣೆ ಮಾಡಿದ್ದವು. ಆದರೆ ಕಾರ್ಡು ಕೂಡಿಹಾಕುವುದು ಒಂದು, ಅದನ್ನು ಆಡುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಸಾಕು. ಎರಡನೆಯದಕ್ಕೆ ಲೆಕ್ಕ ಬೇಕು, ತಾಳ್ಮೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟವಾದ ಕಾರ್ಡನ್ನೂ ಬಿಟ್ಟುಕೊಡುವ ಮನಸ್ಸು ಬೇಕು.

ಮಿತಿ ಬಂದದ್ದು ಹೇಗೆ?

ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಟ್ಟು, 52 ಎಲೆ. ಈ ಹೊಸ ಬಗೆಯ ಆಟದಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತನಗೆ ಬೇಕಾದ ಕಾರ್ಡುಗಳನ್ನು ಆರಿಸಿ, ತನ್ನದೇ ಕಟ್ಟು ಸಿದ್ಧಪಡಿಸಿಕೊಂಡು ಬರುತ್ತಾನೆ. ಅದಕ್ಕೆ ಡೆಕ್ ಎಂದು ಹೆಸರು.

ಈ ಬಗೆಯ ಆಟಕ್ಕೆ ನಾಂದಿ ಹಾಡಿದ್ದು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಅವರು ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' 1993ರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ನಿಯಮದಂತೆ ಡೆಕ್ಕಿನಲ್ಲಿ ಕನಿಷ್ಠ 40 ಕಾರ್ಡುಗಳಿದ್ದರೆ ಸಾಕಿತ್ತು. ಒಂದೇ ಕಾರ್ಡನ್ನು ಎಷ್ಟು ಬಾರಿ ಬೇಕಾದರೂ ಸೇರಿಸಬಹುದಿತ್ತು. ಜನ ಕೆಲವೇ ಪೊಟ್ಟಣ ಕೊಂಡು ಆಡಿಯಾರು ಎಂಬುದು ಆಗಿನ ಎಣಿಕೆ. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಅತಿ ಪ್ರಬಲವಾದ ಒಂದೆರಡು ಕಾರ್ಡುಗಳನ್ನೇ ಹತ್ತಾರು ತುಂಬಿಕೊಂಡ ಡೆಕ್ಕುಗಳು ಹುಟ್ಟಿಕೊಂಡವು. ಎದುರಾಳಿ ಕಣ್ಣುಬಿಡುವಷ್ಟರಲ್ಲಿ ಆಟ ಮುಗಿಯುತ್ತಿತ್ತು. ಹಣವಿದ್ದವನೇ ಗೆಲ್ಲುವುದಾದರೆ ಅದು ಆಟ ಹೇಗಾದೀತು? 1994ರಲ್ಲಿ ಪಂದ್ಯಾವಳಿಯ ನಿಯಮಗಳು ಬಿಗಿಯಾದವು: ಕನಿಷ್ಠ 60 ಕಾರ್ಡು, ಒಂದೇ ಹೆಸರಿನವು ಹೆಚ್ಚೆಂದರೆ ನಾಲ್ಕು.

1996ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಹೊರಬಂದ ಪೋಕೆಮಾನ್ ಕಾರ್ಡಿನಾಟವೂ 60 ಮತ್ತು ನಾಲ್ಕರ ಲೆಕ್ಕವನ್ನೇ ಹಿಡಿಯಿತು. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಜಗತ್ತಿನ ಮಕ್ಕಳೆಲ್ಲ ಈ ಲೆಕ್ಕ ಕಲಿತರು.

ಕಟ್ಟುವ ಕಟ್ಟಳೆ

ಪೋಕೆಮಾನ್ ಡೆಕ್ಕಿನ ನಿಯಮಗಳು ಬೆರಳೆಣಿಕೆಯಷ್ಟೇ. ಒಂದು, ಡೆಕ್ಕಿನಲ್ಲಿ ಸರಿಯಾಗಿ 60 ಕಾರ್ಡುಗಳಿರಬೇಕು. 59 ಸಲ್ಲದು, 61 ಕೂಡ ಸಲ್ಲದು. ಎರಡು, ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಇಲ್ಲಿ ಲೆಕ್ಕಕ್ಕೆ ಬರುವುದು ಹೆಸರು, ಚಿತ್ರವಲ್ಲ. ಪಿಕಾಚು ಬೇರೆಬೇರೆ ಭಂಗಿಯಲ್ಲಿ, ಬೇರೆಬೇರೆ ಶಕ್ತಿಯೊಡನೆ ಬಂದರೂ ಎಲ್ಲ ಸೇರಿ ನಾಲ್ಕೇ. 'ಪಿಕಾಚು ಇಎಕ್ಸ್' ಮಾತ್ರ ಬೇರೆ ಹೆಸರೆಂದು ಪರಿಗಣಿತ. ಮೂಲ ಎನರ್ಜಿ ಕಾರ್ಡುಗಳಿಗೆ ಈ ಮಿತಿ ಇಲ್ಲ. ಮೂರು, ಕನಿಷ್ಠ ಒಂದಾದರೂ 'ಬೇಸಿಕ್' ಪೋಕೆಮಾನ್ ಇರಲೇಬೇಕು. ನಾಲ್ಕು, 'ಏಸ್ ಸ್ಪೆಕ್' ಎಂಬ ಮುದ್ರೆಯುಳ್ಳ ಕಾರ್ಡುಗಳಲ್ಲಿ ಇಡೀ ಡೆಕ್ಕಿಗೆ ಒಂದೇ ಒಂದು.

ಅಧಿಕೃತ ಪಂದ್ಯಾವಳಿಯಲ್ಲಿ ಇನ್ನೊಂದು ಕಟ್ಟಳೆಯಿದೆ. ಈಚಿನ ವರ್ಷಗಳ ಕಾರ್ಡುಗಳ ಕೆಳಗಿನ ಎಡಮೂಲೆಯಲ್ಲಿ ಪುಟ್ಟ ಇಂಗ್ಲಿಷ್ ಅಕ್ಷರವೊಂದು ಇರುತ್ತದೆ. ಹಳೆಯ ಅಕ್ಷರದ ಕಾರ್ಡುಗಳು ಕಾಲಕಾಲಕ್ಕೆ 'ಸ್ಟ್ಯಾಂಡರ್ಡ್' ವಿಭಾಗದಿಂದ ನಿವೃತ್ತವಾಗುತ್ತವೆ. ಆದರೆ ಅದೇ ಕಾರ್ಡು ಹೊಸ ಅಕ್ಷರದೊಡನೆ ಮರುಮುದ್ರಣಗೊಂಡಿದ್ದರೆ ಮನೆಯಲ್ಲಿರುವ ಹಳೆಯದನ್ನೂ ಬಳಸಬಹುದು. ಕಾರ್ಡು ಕೊಳ್ಳುವ ಮುನ್ನ ಈ ಅಕ್ಷರ ನೋಡುವ ಅಭ್ಯಾಸವಿದ್ದರೆ ಹಣ ಉಳಿಯುತ್ತದೆ.

ನಿಯಮ ಸರಳ, ಕಟ್ಟುವುದು ಕಷ್ಟ. ಹೊಸಬರು ಮಾಡುವ ಮೊದಲ ತಪ್ಪು ದೊಡ್ಡ ಪೋಕೆಮಾನ್‌ಗಳನ್ನಷ್ಟೇ ತುಂಬಿಕೊಳ್ಳುವುದು. ಬೆಂಕಿಯುಗುಳುವ ಚಾರಿಜಾರ್ಡ್ ನಾಲ್ಕಿದ್ದರೇನು? ಅದು ಅಂಗಳಕ್ಕಿಳಿಯಬೇಕಾದರೆ ಮೊದಲು ಮರಿ ಚಾರ್‌ಮ್ಯಾಂಡರ್ ಬರಬೇಕು, ಅದು ಚಾರ್ಮೀಲಿಯನ್ ಆಗಿ ಬೆಳೆಯಬೇಕು. ಮರಿಯೇ ಇಲ್ಲದ ಡೆಕ್ಕಿನಲ್ಲಿ ಚಾರಿಜಾರ್ಡ್ ಕೈಯಲ್ಲೇ ಕೊಳೆಯುತ್ತದೆ. ಆದ್ದರಿಂದ ಪಿರಮಿಡ್ಡಿನಂತೆ ಬುಡ ಅಗಲವಾಗಿರಬೇಕು, ತುದಿ ಕಿರಿದಾಗಿರಬೇಕು. ಎರಡನೆಯ ತಪ್ಪು ಎನರ್ಜಿ ಕಾರ್ಡುಗಳನ್ನು ಅತಿಯಾಗಿ ಸೇರಿಸುವುದು. ಒಂದು ಸರದಿಯಲ್ಲಿ ಕೈಯಿಂದ ಒಂದೇ ಎನರ್ಜಿ ಹಚ್ಚಬಹುದು. ಉಳಿದವು ಸುಮ್ಮನೆ ಭಾರ. ಅನುಭವಿಗಳ ಡೆಕ್ಕಿನಲ್ಲಿ ಅರ್ಧದಷ್ಟು ಇಲ್ಲವೆ ಅದಕ್ಕೂ ಹೆಚ್ಚು ಇರುವುದು ಬೇಕಾದ ಕಾರ್ಡನ್ನು ಹುಡುಕಿಕೊಡುವ 'ಟ್ರೇನರ್' ಕಾರ್ಡುಗಳು.

ಸಂಭವನೀಯತೆಯ ಪಾಠ

ಆಟದ ಆರಂಭದಲ್ಲಿ ಇಬ್ಬರೂ ಏಳೇಳು ಕಾರ್ಡು ಎತ್ತಿಕೊಳ್ಳುತ್ತಾರೆ. ಆರಾರು ಕಾರ್ಡುಗಳನ್ನು 'ಬಹುಮಾನ'ವೆಂದು ಮುಖ ಕೆಳಗಾಗಿ ಬದಿಗಿಡುತ್ತಾರೆ. ಎದುರಾಳಿಯ ಪೋಕೆಮಾನ್ ಸೋತಾಗ ತನ್ನ ಬಹುಮಾನದಿಂದ ಎತ್ತಿಕೊಳ್ಳಬೇಕು. ಆರೂ ಮುಗಿಸಿದವನಿಗೆ ಜಯ.

ಏಳರಲ್ಲಿ ಒಂದೂ ಬೇಸಿಕ್ ಪೋಕೆಮಾನ್ ಬಾರದಿದ್ದರೆ? ಕೈ ತೋರಿಸಿ, ಮತ್ತೆ ಕಲೆಸಿ, ಹೊಸದಾಗಿ ಏಳು ಎತ್ತಬೇಕು. ಎದುರಾಳಿಗೆ ಒಂದು ಕಾರ್ಡು ಹೆಚ್ಚುವರಿಯಾಗಿ ಎತ್ತುವ ಹಕ್ಕು ಸಿಗುತ್ತದೆ. ಡೆಕ್ಕಿನಲ್ಲಿ ನಾಲ್ಕೇ ಬೇಸಿಕ್‌ಗಳಿದ್ದರೆ ಹೀಗಾಗುವ ಸಂಭವ ನೂರಕ್ಕೆ 60. ಎಂಟಿದ್ದರೆ 35, ಹನ್ನೆರಡಿದ್ದರೆ 19.

ಈ ಅಂಕಿಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಯೇ ಕಂಡುಹಿಡಿಯಬಹುದು. ನಾಲ್ಕು ಬೇಸಿಕ್‌ಗಳೂ ಕೈಗೆ ಬಾರದೆ ಉಳಿದ 53ರೊಳಗೇ ಅಡಗಿರಬೇಕು. ಮೊದಲನೆಯದು ಅಲ್ಲಿರುವ ಸಂಭವ 60ರಲ್ಲಿ 53. ಎರಡನೆಯದು 59ರಲ್ಲಿ 52. ಮೂರನೆಯದು 58ರಲ್ಲಿ 51. ನಾಲ್ಕನೆಯದು 57ರಲ್ಲಿ 50. ನಾಲ್ಕನ್ನೂ ಗುಣಿಸಿದರೆ 0.60. ಅಂದರೆ ಯಾವುದೇ ಕಾರ್ಡನ್ನು ನಾಲ್ಕು ಹಾಕಿಕೊಂಡರೂ ಅದು ಮೊದಲ ಕೈಯಲ್ಲಿ ಕಾಣಿಸಿಕೊಳ್ಳುವುದು ನೂರಕ್ಕೆ 40 ಬಾರಿ ಮಾತ್ರ. ಒಂದೇ ಹಾಕಿದ್ದರೆ ನೂರಕ್ಕೆ 12ರಷ್ಟು. ಬೇಕಾದ ಆ ಒಂದು ಕಾರ್ಡು ಬಹುಮಾನದ ಆರರಲ್ಲಿ ಸಿಕ್ಕಿಬೀಳುವ ಸಂಭವ ಹತ್ತಕ್ಕೆ ಒಂದು. ಪಠ್ಯಪುಸ್ತಕದಲ್ಲಿ ಚೀಲದೊಳಗಿನ ಕೆಂಪು, ನೀಲಿ ಚೆಂಡುಗಳನ್ನು ಎಣಿಸಿ ಬೇಸತ್ತ ಹುಡುಗನಿಗೆ ಇಲ್ಲಿ ಅದೇ ಲೆಕ್ಕ ರುಚಿಸೀತು.

ಹೊಳೆಯುವುದೆಲ್ಲ ಗೆಲ್ಲುವುದಿಲ್ಲ

ಪಾಲಕರು ತಿಳಿದಿರಬೇಕಾದ ಮುಖ್ಯ ಸಂಗತಿ ಇದು. ಅನೇಕ ಕಾರ್ಡುಗಳು ಸಾಧಾರಣ ರೂಪದಲ್ಲೂ ಬರುತ್ತವೆ, ಹೊಳಪಿನ ವಿಶೇಷ ಚಿತ್ರದೊಡನೆಯೂ ಬರುತ್ತವೆ. ಎರಡರ ಬೆಲೆಗೆ ಅಜಗಜಾಂತರ. ಆದರೆ ಹೆಸರು, ಶಕ್ತಿ, ಏಟು ಎಲ್ಲ ಒಂದೇ. ಅಂಗಳದಲ್ಲಿ ಹೊಳಪಿಗೆ ಒಂದಂಕವೂ ಹೆಚ್ಚು ಸಿಗದು. ಸ್ಪರ್ಧೆಯಲ್ಲಿ ಆಡುವವರು ಪೊಟ್ಟಣ ಒಡೆಯುತ್ತ ಕೂರುವುದಿಲ್ಲ. ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳುತ್ತಾರೆ ಇಲ್ಲವೆ ವಿನಿಮಯ ಮಾಡಿಕೊಳ್ಳುತ್ತಾರೆ. ಕಲಿಯುವವರಿಗೆ 60 ಕಾರ್ಡುಗಳ ಸಿದ್ಧ ಡೆಕ್ಕುಗಳಿವೆ. ಅದರಿಂದ ಆರಂಭಿಸಿ, ಒಂದೊಂದೇ ಕಾರ್ಡು ಬದಲಾಯಿಸುತ್ತ ಹೋಗುವುದು ಒಳ್ಳೆಯ ದಾರಿ. ಮನೆಯಲ್ಲಿ ಅಭ್ಯಾಸಕ್ಕಾದರೆ ಚೀಟಿಯೊಂದರಲ್ಲಿ ಕಾರ್ಡಿನ ವಿವರ ಬರೆದು, ಹಳೆಯ ಕಾರ್ಡಿನ ಮುಂದಿಟ್ಟು ಆಡಿ ನೋಡಬಹುದು. ಹತ್ತು ಆಟದ ನಂತರವೂ ಬೇಕೆನಿಸಿದರೆ ಆಗ ಕೊಳ್ಳಲಿ.

ವಿನಿಮಯದಲ್ಲಿ ಎಚ್ಚರ ಬೇಕು. ದೊಡ್ಡ ತರಗತಿಯವನು ನಾಲ್ಕು ಹೊಳೆಯುವ ಕಾರ್ಡು ಕೊಟ್ಟು ಚಿಕ್ಕವನ ಒಂದು ಬೆಲೆಬಾಳುವ ಕಾರ್ಡು ಪಡೆದು ನಡೆಯುವುದುಂಟು. ಸಂಜೆ ಮನೆಯಲ್ಲಿ ಅಳು. ಒಂದು ರಾತ್ರಿ ಯೋಚಿಸದೆ ಯಾವುದನ್ನೂ ಕೊಡಬಾರದು ಎಂಬ ನಿಯಮವೊಂದನ್ನು ಮನೆಯಲ್ಲೇ ಮಾಡಿಕೊಂಡರೆ ಆ ಅಳು ತಪ್ಪುತ್ತದೆ. ನಕಲಿ ಕಾರ್ಡುಗಳ ಹಾವಳಿಯೂ ಇದೆ. ತೀರಾ ಅಗ್ಗಕ್ಕೆ ಸಿಗುವ, ಚಿನ್ನದ ಬಣ್ಣದ ಕಟ್ಟುಗಳನ್ನು ಕಂಡರೆ ದೂರವಿರುವುದು ಲೇಸು.

ಜೊತೆಗೇನಿರಬೇಕು?

ಉಪಕರಣಗಳಲ್ಲಿ ಮೊದಲನೆಯದು ಸ್ಲೀವ್, ಅಂದರೆ ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ. ಪೋಕೆಮಾನ್ ಕಾರ್ಡಿನ ಅಳತೆ 63×88 ಮಿ.ಮೀ. ಅದಕ್ಕೆ ಹೊಂದುವ 'ಸ್ಟ್ಯಾಂಡರ್ಡ್' ಅಳತೆಯ ಕವಚವನ್ನೇ ಕೇಳಿ ಪಡೆಯಬೇಕು; ಯುಗಿಯೊ ಆಟದ ಕವಚ ಇನ್ನೂ ಕಿರಿದು, ಇದಕ್ಕೆ ಕೂರದು. ಕವಚ ಬರೀ ಅಂದಕ್ಕಲ್ಲ. ಮೂಲೆ ಮಡಿದ ಕಾರ್ಡನ್ನು ಹಿಂಬದಿಯಿಂದಲೇ ಗುರುತಿಸಬಹುದಾದ್ದರಿಂದ ಪಂದ್ಯಾವಳಿಯಲ್ಲಿ ಅದು ದೋಷವೆನಿಸುತ್ತದೆ. ಅರವತ್ತಕ್ಕೂ ಒಂದೇ ಬಣ್ಣದ, ಒಂದೇ ಬಗೆಯ ಕವಚವಿರಬೇಕು. ಒಂದು ಹರಿದರೆ ಬದಲಿಗೆ ಅಂಥದೇ ನಾಲ್ಕೈದು ಹೆಚ್ಚಿಗೆ ಇಟ್ಟುಕೊಂಡಿರುವುದು ಜಾಣತನ.

ಎರಡನೆಯದು ಡೆಕ್ ಪೆಟ್ಟಿಗೆ. ಕವಚ ತೊಟ್ಟ 60 ಕಾರ್ಡು ಹಿಡಿಸುವಂತಿರಲಿ. ರಬ್ಬರ್ ಬ್ಯಾಂಡ್ ಮಾತ್ರ ಬೇಡ, ಅದು ಅಂಚನ್ನು ಕಚ್ಚುತ್ತದೆ. ಮೂರನೆಯದು ಏಟಿನ ಲೆಕ್ಕವಿಡಲು ದಾಳಗಳು, ವಿಷ ಹಾಗೂ ಸುಟ್ಟಗಾಯ ಸೂಚಿಸುವ ಎರಡು ಗುರುತುಗಳು, ಚಿಮ್ಮಲು ಒಂದು ನಾಣ್ಯ. ನಾಣ್ಯದ ಬದಲು ದಾಳವನ್ನೇ ಉರುಳಿಸಿ ಸಮಸಂಖ್ಯೆ ಬಂದರೆ 'ತಲೆ' ಎನ್ನುವ ರೂಢಿಯೂ ಇದೆ. ಕಾರ್ಡುಗಳು ಜಾರದಂತೆ ಹಾಸುವ ರಬ್ಬರಿನ ಚಾಪೆ ಇದ್ದರೆ ಚೆನ್ನ, ಇಲ್ಲದಿದ್ದರೆ ಮಡಿಸಿದ ಬಟ್ಟೆ ಸಾಕು.

ಡೆಕ್ಕಿಗೆ ಸೇರದ ಕಾರ್ಡುಗಳಿಗೆ ಜೇಬುಗಳಿರುವ ಆಲ್ಬಮ್ ಒಳ್ಳೆಯದು. ಪಿವಿಸಿ ಬೆರೆಯದ ಹಾಳೆಗಳಿರುವುದನ್ನೇ ಆರಿಸಬೇಕು. ಹೊಳಪಿನ ಕಾರ್ಡಿನ ಕಾಗದ ತೇವ ಹೀರುತ್ತದೆ, ಅದಕ್ಕಂಟಿದ ಹೊಳಪಿನ ಪದರ ಹೀರುವುದಿಲ್ಲ. ಹಾಗಾಗಿ ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಟ್ಟರೆ ಕಾರ್ಡು ನೆಟ್ಟಗಿರುತ್ತದೆ.

ಇಷ್ಟಕ್ಕೂ ಅತಿ ಉಪಯುಕ್ತ ಸಾಧನವೆಂದರೆ ಒಂದು ನೋಟ್‌ಬುಕ್ಕು. ಪಂದ್ಯಾವಳಿಗಳಲ್ಲಿ ಡೆಕ್ಕಿನ ಅರವತ್ತೂ ಕಾರ್ಡುಗಳ ಪಟ್ಟಿಯನ್ನು ಮೊದಲೇ ಒಪ್ಪಿಸಬೇಕಾಗುತ್ತದೆ. ಮನೆಯಲ್ಲೂ ಆ ಪಟ್ಟಿ ಬರೆದಿಟ್ಟು, ಯಾವ ಆಟ ಏಕೆ ಸೋತದ್ದು, ಯಾವ ಕಾರ್ಡು ಕೈಯಲ್ಲೇ ಉಳಿಯಿತು ಎಂದು ಗುರುತು ಹಾಕುತ್ತ ಹೋದರೆ ಡೆಕ್ಕು ತಾನಾಗಿ ತಿದ್ದಿಕೊಳ್ಳುತ್ತದೆ.

ಪಟ್ಟಿ ಬರೆಯುವಾಗ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಎದುರಾಗುವ ಗಳಿಗೆಯೊಂದಿದೆ. ಎಣಿಸಿದಾಗ ಕಾರ್ಡು 61 ಆಗಿರುತ್ತದೆ. ಒಂದನ್ನು ತೆಗೆಯಲೇಬೇಕು, ಆದರೆ ಎಲ್ಲವೂ ಬೇಕೆನಿಸುತ್ತದೆ. ಆಗ ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು, 'ಇದು ಯಾಕೆ ಬೇಕು ಹೇಳು' ಎಂದು ಒಂದೊಂದನ್ನೇ ಕೇಳಿದರೆ ಸಾಕು. ಉತ್ತರ ಹೇಳಲಾಗದ ಕಾರ್ಡು ಯಾವುದೆಂದು ಮಗುವಿಗೇ ತಿಳಿಯುತ್ತದೆ.